ಆರಿದ ಚಹಾ ಅಲ್ರೀ, ತಂಪು ಚಹಾ!

ಕಲಬುರಗಿ ಕಡೆಯವರಿಗೆ ಇರುವುದು ಎರಡೇ ಋತು ಎಂಬ ಹಳೆಯ ಜೋಕ್ ಒಂದಿದೆ. ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ. ಬೇರೆ ಊರಿನವರು ಇದನ್ನು ಕೇಳಿ ನಗುತ್ತಾರೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಸರ್ಕಾರವೇ ಬಿಸಿಲಿಗೆ ಹೆದರಿ ಮನೆ ಸೇರುತ್ತದೆ ಎಂದಮೇಲೆ ಉಳಿದವರ ಪಾಡೇನು? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲಿಗೇ ಹೋಗಿ, ಮಧ್ಯಾಹ್ನದ ಹೊತ್ತು ರಸ್ತೆಯಲ್ಲಿ ನಾಯಿಯೂ ಕಾಣುವುದಿಲ್ಲ.

ಆದರೆ ಚಹಾದಂಗಡಿ ಮಾತ್ರ ಮುಚ್ಚಿರುವುದಿಲ್ಲ!

42 ಡಿಗ್ರಿ ಬಿಸಿಲಿನಲ್ಲಿ, ಕೊರಳಿಗೆ ಹಾಕಿಕೊಂಡ ಟವೆಲ್‌ನಿಂದ ಮುಖ ಒರೆಸಿಕೊಳ್ಳುತ್ತಾ, ಕುದಿಕುದಿ ಚಹಾ ಊದಿ ಊದಿ ಕುಡಿಯುವವರು ನಮ್ಮವರು. ಯಾಕೆ ಎಂದು ಕೇಳಿದರೆ ‘ಚಾ ಕುಡದ್ರ ಬೆವರು ಬರ್ತದ, ಬೆವರು ಬಂದ್ರ ಮೈ ತಂಪ ಆಗ್ತದ’ ಎಂಬ ಉತ್ತರ ಸಿದ್ಧ. ಇದು ಬರೀ ನೆಪವಲ್ಲ. ಕೆನಡಾದ ಒಟ್ಟಾವ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಇದನ್ನೇ ಪರೀಕ್ಷಿಸಿ, ಬಿಸಿ ಪಾನೀಯ ಕುಡಿದಾಗ ಬರುವ ಹೆಚ್ಚಿನ ಬೆವರು ಪೂರ್ತಿ ಆವಿಯಾಗಿ ಹೋದರೆ ಮೈಯಲ್ಲಿ ಉಳಿಯುವ ಶಾಖ ನಿಜಕ್ಕೂ ಕಡಿಮೆಯಾಗುತ್ತದೆ ಎಂದು ಕಂಡುಕೊಂಡರು. ಗಮನಿಸಿ, ‘ಆವಿಯಾಗಿ ಹೋದರೆ’. ಗಾಳಿ ಆಡುವ ಕಟ್ಟೆಯ ಮೇಲೆ ಕುಳಿತವರಿಗೆ ಈ ಮಾತು ಒಪ್ಪುತ್ತದೆ. ತುಂಬು ತೋಳಿನ ಅಂಗಿ ತೊಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ತಗಡಿನ ಶೆಡ್ಡಿನ ಕೆಳಗೆ ಪರ್ಸಿ ಪಾಲಿಶ್ ಮಷಿನ್ ಮುಂದೆ ನಿಂತಿರುವವರಿಗೆ ಒಪ್ಪುವುದಿಲ್ಲ. ಅವರ ಬೆವರು ಅಂಗಿಯಲ್ಲೇ ಉಳಿಯುತ್ತದೆ.

ನಮ್ಮಪ್ಪ ಅಂಥ ಮಷಿನ್ ಮುಂದೆ ನಿಲ್ಲುವವರು. ದಿನಕ್ಕೆ ಎಂಟು ಚಹಾ, ಒಂದೊಂದಕ್ಕೂ ಎರಡು ಚಮಚ ಸಕ್ಕರೆ. ನಮ್ಮ ಕಡೆ ಚಹಾ ಎಂದರೆ ತುಟಿಗೆ ತುಟಿ ಅಂಟಬೇಕು! ಕಳೆದ ಜನವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ‘ಸಕ್ಕರೆ ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ’ ಎಂದರು. ಚಹಾ ಕಡಿಮೆ ಮಾಡಿ ಎಂದೂ ಹೇಳಿದರು. ಅಪ್ಪ ತಲೆಯಾಡಿಸಿ ಬಂದರು. ಬಂದ ದಾರಿಯಲ್ಲೇ ಒಂದು ಚಹಾ ಕುಡಿದರು.

ಎಂಟು ಚಹಾ ಎಂದರೆ ಹದಿನಾರು ಚಮಚ, ಅಂದರೆ ಹತ್ತಿರ ಹತ್ತಿರ 80 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಹೊರಗಿನಿಂದ ಸೇರಿಸಿದ ಸಕ್ಕರೆ 50 ಗ್ರಾಂ ದಾಟಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಹೀಗೆ ಪರೀಕ್ಷೆಗೆ ಓದಿಕೊಳ್ಳಲು ಸಿಕ್ಕ ರಜೆಯಲ್ಲಿ ನನಗೊಂದು ಪ್ರಾಜೆಕ್ಟ್ ಸಿಕ್ಕಿತು. ಸಿಹಿ ಇರಬೇಕು, ಚಹಾ ಆಗಿರಬೇಕು, ತಂಪಾಗಿರಬೇಕು, ಆದರೆ ಸಕ್ಕರೆ ನನ್ನ ಕೈಯಲ್ಲಿರಬೇಕು. ಬೆಂಗಳೂರಿನ ಕೆಫೆಗಳಲ್ಲಿ ‘ಐಸ್ಡ್ ಟೀ’ ಎಂದು ಉದ್ದನೆಯ ಗ್ಲಾಸಿನಲ್ಲಿ ಕೊಡುತ್ತಾರಲ್ಲ, ಅದನ್ನೇ ಸೇಡಂನ ಮನೆಯಲ್ಲಿ ಮಾಡುವುದು.

ಮಜ್ಜಿಗೆ ಯಾಕಾಗಬಾರದು ಎಂದು ನೀವು ಕೇಳಬಹುದು. ಬಿಸಿಲಿಗೆ ಮಜ್ಜಿಗೆಗಿಂತ ಒಳ್ಳೆಯದು ಇನ್ನೊಂದಿಲ್ಲ, ಅದರಲ್ಲಿ ವಾದವೇ ಇಲ್ಲ. ಆದರೆ ಬೆಳಿಗ್ಗೆ ಡಬ್ಬಿಗೆ ಹಾಕಿದ ಮಜ್ಜಿಗೆ ಮಧ್ಯಾಹ್ನದ ಹೊತ್ತಿಗೆ ಹಲ್ಲು ಚುಳಿಯುವಷ್ಟು ಹುಳಿಯಾಗಿರುತ್ತದೆ. ಅದಕ್ಕಿಂತ ದೊಡ್ಡ ತೊಡಕು ಅಪ್ಪನದು. ‘ಮಜ್ಜಿಗಿ ಊಟಕ್ಕ, ಚಾ ಕೆಲಸಕ್ಕ’ ಎನ್ನುವ ಮನುಷ್ಯನಿಗೆ ಚಹಾದ ಬದಲು ಚಹಾವನ್ನೇ ಕೊಡಬೇಕು.

ಆಯಿಯ ತಕರಾರು ಬೇರೆ ಥರದ್ದು. ‘ಆರಿದ ಚಾ ದನಾನೂ ಮೂಸಂಗಿಲ್ಲ, ಅದಕ್ಕ ಮ್ಯಾಲ ಬರ್ಫ್ ಬ್ಯಾರೆ ಹಾಕ್ತೀಯೇನ ಯವ್ವಾ?’

ಆಯಿಗೆ ನಾನು ನೆನಪಿಸಿದ್ದು ಸುಲೇಮಾನಿಯನ್ನು. ಹೈದರಾಬಾದಿನ ನಂಟು ಇರುವ ನಮ್ಮ ಊರುಗಳಿಗೆ ಹಾಲಿಲ್ಲದ ಚಹಾ ಹೊಸದೇನಲ್ಲ. 1874ರಲ್ಲೇ ವಾಡಿಯಿಂದ ಸಿಕಂದರಾಬಾದಿಗೆ ರೈಲು ಓಡಿತ್ತು. ಸೇಡಂ, ಚಿತ್ತಾಪುರ ಎರಡೂ ಆ ದಾರಿಯ ಮೇಲಿನ ಊರುಗಳೇ. ಆ ಕಡೆಯ ಬಿರಿಯಾನಿ, ಉಸ್ಮಾನಿಯಾ ಬಿಸ್ಕತ್ತು ಬಂದಂತೆ ಮದುವೆ ಊಟದ ನಂತರ ಕೊಡುವ ನಿಂಬೆಹುಳಿಯ ಕೆಂಪು ಚಹಾ ಕೂಡ ಬಂದಿದೆ. ಆ ಸುಲೇಮಾನಿಯನ್ನೇ ತಣ್ಣಗೆ ಮಾಡಿದರೆ ಐಸ್ಡ್ ಟೀ. ಇಷ್ಟೇ ಎಂದರೆ ಆಯಿ ‘ಹಂಗಾರ ಸರಿ, ಹೆಸರ್ಯಾಕ ಅಷ್ಟ್ ಉದ್ದ?’ ಎಂದಳು.

ಇಷ್ಟೇ ಎಂದು ಹೇಳುವುದು ಸುಲಭ. ಕೆಲಸ ಕೆಟ್ಟಿರುವುದು ನೀರಿನಲ್ಲಿ.

ಸಿಮೆಂಟಿನ ಕಲ್ಲು, ಚಹಾದ ಕೆನೆ

ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಾರ್ಖಾನೆಗಳು ಇಲ್ಲೇ ಯಾಕೆ ಬಂದವು? ಕಾಲಡಿಯ ಸುಣ್ಣದ ಕಲ್ಲಿಗಾಗಿ. ನಮ್ಮ ಮನೆಯ ನೆಲ, ಕಟ್ಟೆ, ಕೆಲವು ಮನೆಗಳ ಚಾವಣಿ ಕೂಡ ಅದೇ ಪರ್ಸಿ, ದೇಶಕ್ಕೆಲ್ಲ ‘ಶಹಾಬಾದ್ ಕಲ್ಲು’ ಎಂದು ಗೊತ್ತಿರುವುದು. ಭೀಮಾ ಕೊಳ್ಳದ ಈ ಶಿಲೆಗಳ ಒಂದು ಭಾಗಕ್ಕೆ ಭೂವಿಜ್ಞಾನಿಗಳು ‘ಸೇಡಂ ಉಪಗುಂಪು’ ಎಂದೇ ಹೆಸರಿಟ್ಟಿದ್ದಾರೆ. ನಮ್ಮೂರಿನ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಇದೆ ಎಂದು ನನಗೆ ಗೊತ್ತಾಗಿದ್ದು ಚಹಾ ಮಾಡಲು ಹೊರಟಾಗ! ಈ ಕಲ್ಲಿನ ಸಂದುಗಳಲ್ಲಿ ಇಳಿದು ಬರುವ ಬೋರ್‌ವೆಲ್ ನೀರು ಕ್ಯಾಲ್ಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಅದಕ್ಕೇ ನಮ್ಮ ಬಕೆಟ್ಟಿನ ಅಂಚಿಗೆ ಬಿಳಿ ಗೆರೆ, ಅದಕ್ಕೇ ಸೋಪು ನೊರೆ ಬಾರದು, ಅದಕ್ಕೇ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಹೆಂಚಿನಂಥ ಪದರ.

ಬಿಇ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ನೀರಿನ ಗಡಸುತನ ಅಳೆಯುವ ಪ್ರಯೋಗ ಇರುತ್ತದೆ. ನೀರಿಗೆ ಒಂದು ಸೂಚಕ ಹಾಕಿದರೆ ದ್ರಾಕ್ಷಿ ಬಣ್ಣ ಬರುತ್ತದೆ. ಮೇಲಿನಿಂದ ಇಡಿಟಿಎ ದ್ರಾವಣ ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಹಂತದಲ್ಲಿ ತಟ್ಟನೆ ನೀಲಿಯಾಗುತ್ತದೆ. ಎಷ್ಟು ಹೆಚ್ಚು ದ್ರಾವಣ ಕುಡಿಯಿತೋ ನೀರು ಅಷ್ಟು ಗಡಸು. ನಾನು ಬಾಟಲಿಯಲ್ಲಿ ಒಯ್ದಿದ್ದ ನಮ್ಮೋಣಿಯ ಬೋರ್ ನೀರು ನೀಲಿಯಾಗುವ ಹೊತ್ತಿಗೆ ಪಕ್ಕದ ಬೆಂಚಿನ ಗೆಳತಿಯರು ಪ್ರಯೋಗ ಮುಗಿಸಿ ರೆಕಾರ್ಡ್ ಬರೆಯುತ್ತಿದ್ದರು. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಚೆನ್ನ. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ನಡೆಯುತ್ತದೆ.

ಇದಕ್ಕೂ ಚಹಾಕ್ಕೂ ಏನು ಸಂಬಂಧ? ಹಾಲು ಹಾಕಿದ ಬಿಸಿ ಚಹಾದಲ್ಲಿ ಏನೂ ಕಾಣುವುದಿಲ್ಲ, ಹಾಲು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಅದೇ ಕೆಂಪು ಚಹಾವನ್ನು ಗಾಜಿನ ಗ್ಲಾಸಿಗೆ ಹಾಕಿ ಆರಲು ಬಿಡಿ. ಮೇಲೆ ಎಣ್ಣೆಯಂಥ, ಮಾಸಲು ಪೊರೆ ಕಟ್ಟುತ್ತದೆ. ಅದು ಕ್ಯಾಲ್ಸಿಯಂ ಮತ್ತು ಚಹಾದ ಒಗರಿನ ಅಂಶಗಳು ಗಾಳಿಯ ಆಮ್ಲಜನಕದ ಜೊತೆ ಸೇರಿ ಮಾಡಿದ ಕೆಲಸ. ಇನ್ನೂ ತಣ್ಣಗಾದರೆ ಇಡೀ ಗ್ಲಾಸು ಕಾಗಿಣಾ ನದಿಯ ಮೊದಲ ಮಳೆಯ ನೀರಿನಂತೆ ಕದಡುತ್ತದೆ. ಬಿಸಿಯಲ್ಲಿ ಕರಗಿಕೊಂಡಿದ್ದ ಕೆಫೀನ್ ಮತ್ತು ಚಹಾದ ಬಣ್ಣದ ಅಂಶಗಳು ತಣ್ಣಗಾದಂತೆ ಒಂದಕ್ಕೊಂದು ಅಂಟಿಕೊಂಡು ಹೊರಬೀಳುವುದೇ ಇದಕ್ಕೆ ಕಾರಣ. ಚಹಾ ಉದ್ಯಮದವರು ಇದಕ್ಕೆ ‘ಕ್ರೀಮ್’ ಎನ್ನುತ್ತಾರೆ. ಹಾಲಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಒಳ್ಳೆಯ ಕಡಕ್ ಚಹಾ ಪುಡಿಯಲ್ಲೇ ಇದು ಜಾಸ್ತಿ, ನೀರಿನಲ್ಲಿ ಕ್ಯಾಲ್ಸಿಯಂ ಇದ್ದರಂತೂ ಇನ್ನೂ ಜಾಸ್ತಿ. ಕುಡಿದರೆ ಏನೂ ಆಗುವುದಿಲ್ಲ, ಆದರೆ ನೋಡಿದರೆ ಕುಡಿಯಬೇಕು ಅನಿಸುವುದಿಲ್ಲ. ಅದು ಕೊಳೆಯಲ್ಲ ಎಂದು ಆಯಿಗೆ ತೋರಿಸಲು ಕದಡಿದ ಗ್ಲಾಸಿಗೆ ಒಂದಿಷ್ಟು ಬಿಸಿನೀರು ಹಾಕಿದೆ. ಕಣ್ಣೆದುರೇ ತಿಳಿಯಾಯಿತು. ‘ಏನ್ ಮಾಟಾ ಮಾಡ್ಲತ್ತಿದಿಯೇ’ ಎಂದಳು.

ಹಾಗಾಗಿ ಮೊದಲ ನಿಯಮ: ತಂಪು ಚಹಾಕ್ಕೆ ಬೋರ್ ನೀರು ಬೇಡ. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುವ ಶುದ್ಧ ನೀರಿನ ಘಟಕದ ನೀರೇ ಸಾಕು. ಅದೂ ಸಿಗದಿದ್ದರೆ ಬೋರ್ ನೀರನ್ನೇ ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಗಸಿ ಕದಡದಂತೆ ಮೇಲಿನ ನೀರನ್ನು ಬಸಿದುಕೊಳ್ಳಿ. ಪುಸ್ತಕದಲ್ಲಿ ‘ತಾತ್ಕಾಲಿಕ ಗಡಸುತನ’ ಎಂದು ಓದಿದ್ದು ಇದನ್ನೇ. ಕುದಿಸಿದಾಗ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ತಳಕ್ಕೆ ಕೂರುತ್ತದೆ. ಅಂದರೆ ನಿಮ್ಮ ಪಾತ್ರೆಯ ತಳದಲ್ಲಿ ಒಂದಿಷ್ಟು ಶಹಾಬಾದ್ ಕಲ್ಲು ತಯಾರಾಗಿದೆ ಎಂದರ್ಥ. ಕುದಿಸಿದರೂ ಹೋಗದ ಇನ್ನೊಂದು ಗಡಸುತನ ಇದೆ. ಅದಕ್ಕೆ ನಾಣ್ಯ ಹಾಕುವುದೇ ದಾರಿ.

ಮಾಡುವ ಬಗೆ

ನಾಲ್ಕು ದೊಡ್ಡ ಗ್ಲಾಸಿಗೆ ಲೆಕ್ಕ ಹೇಳುತ್ತೇನೆ. ಅರ್ಧ ಲೀಟರ್ ನೀರು ಕುದಿಸಿ. ಕುದಿ ಬಂದ ಮೇಲೆ ಒಲೆ ಆರಿಸಿ, ಆಮೇಲೆ ಮೂರು ಚಮಚ ಚಹಾ ಪುಡಿ ಹಾಕಿ ಮುಚ್ಚಿಡಿ. ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು. ಪುಡಿ ಹಾಕಿ ಕುದಿಸಬೇಡಿ. ನಮ್ಮ ಅಂಗಡಿಗಳಲ್ಲಿ ಸಿಗುವುದೆಲ್ಲ ಬಹುತೇಕ ಸಿಟಿಸಿ ಪುಡಿ, ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿದ ಕಾಳು. ಹಾಲಿನ ಚಹಾಕ್ಕೆಂದೇ ಹೇಳಿ ಮಾಡಿಸಿದಂತಿರುವ ಇದು ಬಣ್ಣ, ಒಗರು ಎರಡನ್ನೂ ಬೇಗ ಬಿಡುತ್ತದೆ. ಹಾಲಿಲ್ಲದೆ ಕುದಿಸಿದರೆ ನಾಲಿಗೆಗೆ ಎಳೆಬಾಳೆಕಾಯಿ ತಿಂದಂತಾಗುತ್ತದೆ. ಸೋಸುವಾಗ ಜಾಲರಿಯನ್ನು ಚಮಚದಿಂದ ಒತ್ತಿ ಹಿಂಡುವುದೂ ಬೇಡ, ಉಳಿದ ಒಗರೆಲ್ಲ ಇಳಿಯುವುದು ಆ ಹಿಂಡಿಗೇ. ಅವ್ವನಿಗೆ ಇದು ಸ್ವಲ್ಪ ಕಷ್ಟವಾಯಿತು, ಪುಡಿಯಲ್ಲಿ ಇನ್ನೂ ‘ಜೀವ’ ಇದೆ ಎಂದು ಅವಳಿಗೆ ಸಂಕಟ.

ಸಕ್ಕರೆ ಈಗಲೇ, ಬಿಸಿ ಇರುವಾಗಲೇ ಹಾಕಬೇಕು. ತಣ್ಣೀರಿನಲ್ಲಿ ಸಕ್ಕರೆ ಕರಗುವುದಿಲ್ಲ ಎನ್ನುವ ಮಾತು ಪೂರ್ತಿ ನಿಜವಲ್ಲ. 20 ಡಿಗ್ರಿಯ 100 ಮಿಲಿ ನೀರಿನಲ್ಲೂ ಸುಮಾರು 200 ಗ್ರಾಂ ಕರಗುತ್ತದೆ. ಕರಗುವ ವೇಗ ಮಾತ್ರ ತೀರಾ ಕಡಿಮೆ. ತಣ್ಣನೆಯ ಚಹಾಕ್ಕೆ ಸಕ್ಕರೆ ಹಾಕಿದರೆ ತಳದಲ್ಲಿ ಕೂತು, ಮೇಲೆ ಸಪ್ಪೆ, ಕೊನೆಯ ಗುಟುಕು ಪಾಕ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಈ ಸಿಹಿ ತಂಪು ಚಹಾ ನಮ್ಮ ಮಜ್ಜಿಗೆಯಂತೆ ಮನೆಮನೆಯ ಪಾನೀಯ. ಅಲ್ಲೂ ಸಕ್ಕರೆ ಬಿಸಿಯಲ್ಲೇ ಬೀಳುತ್ತದೆ. 1904ರ ಸೇಂಟ್ ಲೂಯಿಸ್ ಜಾಗತಿಕ ಮೇಳದಲ್ಲಿ, ಸೆಕೆಗೆ ಬಿಸಿ ಚಹಾ ಯಾರೂ ಮುಟ್ಟದಿದ್ದಾಗ ರಿಚರ್ಡ್ ಬ್ಲೆಚಿಂಡೆನ್ ಎಂಬುವರು ಮಂಜುಗಡ್ಡೆ ಹಾಕಿ ಹಂಚಿದರು, ಐಸ್ಡ್ ಟೀ ಹುಟ್ಟಿದ್ದೇ ಹಾಗೆ ಎಂಬ ಕತೆ ಎಲ್ಲೆಡೆ ಓದಲು ಸಿಗುತ್ತದೆ. ಕತೆ ಚೆನ್ನಾಗಿದೆ, ಆದರೆ 1879ರಲ್ಲಿ ಬಂದ ಅಡುಗೆ ಪುಸ್ತಕವೊಂದರಲ್ಲೇ ಇದನ್ನು ಮಾಡುವ ವಿಧಾನ ಅಚ್ಚಾಗಿದೆ. ಇನ್ನೊಂದು ತಮಾಷೆ, 2003ರಲ್ಲಿ ಜಾರ್ಜಿಯಾ ರಾಜ್ಯದ ಶಾಸಕರು ತಂಪು ಚಹಾ ಮಾರುವ ಪ್ರತಿ ಹೋಟೆಲಿನಲ್ಲೂ ಸಿಹಿ ಚಹಾ ಇರಲೇಬೇಕು ಎಂಬ ಮಸೂದೆಯನ್ನು ಏಪ್ರಿಲ್ ಫೂಲ್ ಎಂದು ಮಂಡಿಸಿದ್ದರು. ನಮ್ಮ ಶಾಸಕರು ಒಗ್ಗರಣೆ ಮಂಡಕ್ಕಿಗೆ ಇಂಥದ್ದೊಂದು ಮಸೂದೆ ತಂದರೆ ನಾನು ತಮಾಷೆ ಎನ್ನದೆ ಬೆಂಬಲಿಸುತ್ತೇನೆ.

ಇರಲಿ. ಎಷ್ಟು ಸಕ್ಕರೆ? ಇಲ್ಲೇ ಒಂದು ಮೋಸ ಇದೆ. ತಣ್ಣಗಿದ್ದಾಗ ಸಿಹಿ ನಾಲಿಗೆಗೆ ಕಡಿಮೆ ಗೊತ್ತಾಗುತ್ತದೆ. ಕರಗಿದ ಐಸ್‌ಕ್ರೀಂ ಕುಡಿದು ನೋಡಿದವರಿಗೆ ಇದು ಗೊತ್ತು, ಅದು ಗಟ್ಟಿಯಿದ್ದಾಗಿಗಿಂತ ಎಷ್ಟೋ ಸಿಹಿ. ನಾಲಿಗೆಯಲ್ಲಿ ಸಿಹಿಯ ಸಂದೇಶ ದಾಟಿಸುವ ಒಂದು ದ್ವಾರ ಬಿಸಿಗೆ ಹೆಚ್ಚು ತೆರೆದುಕೊಳ್ಳುತ್ತದೆ, ಚಳಿಗೆ ಮುಚ್ಚಿಕೊಳ್ಳುತ್ತದೆ ಎಂದು ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ತಂಡ 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಅಂದರೆ ತಂಪು ಪಾನೀಯ ಬಾಯಿಗೆ ಸಿಹಿ ಎನಿಸಬೇಕಾದರೆ ಅದರಲ್ಲಿ ಸಕ್ಕರೆ ಹೆಚ್ಚೇ ಇರಬೇಕು. ಬಾಟಲಿಯಲ್ಲಿ ಬರುವ ಪಾನೀಯ ಕೊಳ್ಳುವಾಗ ಹಿಂದಿನ ಲೇಬಲ್ ಒಮ್ಮೆ ಓದಿ. 100 ಮಿಲಿಗೆ ಎಷ್ಟು ಗ್ರಾಂ ಎಂದು ಬರೆದಿರುತ್ತದೆ, ಬಾಟಲಿ 100 ಮಿಲಿಯದ್ದಲ್ಲ ಎಂಬುದನ್ನು ಗುಣಿಸಿಕೊಳ್ಳುವ ಕೆಲಸ ನಮ್ಮದು.

ನಮ್ಮ ಮನೆಯಲ್ಲಿ ಮೊದಲ ದಿನ ನಾಲ್ಕು ಗ್ಲಾಸಿಗೆ ಹತ್ತು ಚಮಚ ಹಾಕಿದೆ. ಅಪ್ಪ ಒಪ್ಪಿದರು. ಆಮೇಲೆ ನಾಲ್ಕು ದಿನಕ್ಕೊಮ್ಮೆ ಒಂದು ಚಮಚ ಕಡಿಮೆ ಮಾಡುತ್ತಾ ಬಂದೆ, ಯಾರಿಗೂ ಹೇಳದೆ. ಬದಲಿಗೆ ಒಂದು ಚಿಟಿಕೆ ಉಪ್ಪು ಸೇರಿಸಿದೆ. ಉಪ್ಪು ಕಹಿಯನ್ನು ಅಡಗಿಸುತ್ತದೆ, ಕಹಿ ಅಡಗಿದರೆ ಇರುವ ಸಿಹಿಯೇ ಎದ್ದು ಕಾಣುತ್ತದೆ. ಏಳನೆಯ ಚಮಚದವರೆಗೆ ಅಪ್ಪನಿಗೆ ಗೊತ್ತಾಗಲಿಲ್ಲ. ಆರಕ್ಕೆ ಇಳಿದ ದಿನ ಗ್ಲಾಸು ಕೆಳಗಿಟ್ಟು ‘ಇವತ್ತ ಸಕ್ರಿ ಡಬ್ಬಿ ಖಾಲಿ ಆಗ್ಯಾದೇನು?’ ಎಂದು ಕೇಳಿದರು. ಅಲ್ಲಿಗೇ ನಿಲ್ಲಿಸಿದ್ದೇನೆ. ಆರು ಚಮಚ ಎಂದರೆ 30 ಗ್ರಾಂ, ಗ್ಲಾಸಿಗೆ ಏಳೂವರೆ ಗ್ರಾಂ.

ಬರ್ಫ್ ಲೆಕ್ಕ

ಈಗ ತಂಪು ಮಾಡುವ ಮಾತು. ನಮ್ಮ ಫ್ರಿಜ್ಜಿನ ಟ್ರೇಯಲ್ಲಿ ಒಮ್ಮೆಗೆ ಹದಿನಾಲ್ಕು ತುಂಡು. ಕರೆಂಟು ಹೋಗಿ ಬಂದು ಮಾಡುವ ಬೇಸಿಗೆಯಲ್ಲಿ ಅದೂ ಗಟ್ಟಿಯಾಗಿ ಸಿಕ್ಕರೆ ಪುಣ್ಯ. ಹಾಗಾಗಿ ಬರ್ಫನ್ನು ಎಣಿಸಿ ಖರ್ಚು ಮಾಡಬೇಕು.

ಒಂದು ಗ್ರಾಂ ಬರ್ಫ್ ಕರಗುವಾಗ 334 ಜೂಲ್ ಶಾಖ ಎಳೆದುಕೊಳ್ಳುತ್ತದೆ. 200 ಮಿಲಿ ಚಹಾ 90 ಡಿಗ್ರಿಯಿಂದ 5 ಡಿಗ್ರಿಗೆ ಇಳಿಯಬೇಕಾದರೆ ಸುಮಾರು 71,000 ಜೂಲ್ ಹೊರಹೋಗಬೇಕು. ಅದಕ್ಕೆ ಹತ್ತಿರ ಹತ್ತಿರ 200 ಗ್ರಾಂ ಬರ್ಫ್, ಅಂದರೆ ನಮ್ಮ ಟ್ರೇಯ ಹತ್ತು ತುಂಡು ಬೇಕು. ಜೊತೆಗೆ ಚಹಾದಷ್ಟೇ ನೀರು ಸೇರಿ ಬಣ್ಣ, ರುಚಿ ಎರಡೂ ಅರ್ಧ. ಅದೇ ಚಹಾ 28 ಡಿಗ್ರಿಗೆ ಇಳಿದ ಮೇಲೆ ಬರ್ಫ್ ಹಾಕಿದರೆ? 55 ಗ್ರಾಂ ಸಾಕು. ಮೂರು ತುಂಡು! 90ರಿಂದ 28ರವರೆಗಿನ ದಾರಿಯನ್ನು ಬರ್ಫ್ ಇಲ್ಲದೆ ದಾಟಿದರೆ ಗೆದ್ದಂತೆ.

ಹೊರಗೆ 42 ಡಿಗ್ರಿ ಇರುವಾಗ 28ಕ್ಕೆ ಇಳಿಸುವುದು ಹೇಗೆ? ಇದಕ್ಕೆ ಉತ್ತರ ಆಯಿಯ ಮೂಲೆಯಲ್ಲಿರುವ ಮಣ್ಣಿನ ಮಡಕೆಯಲ್ಲಿದೆ. ಮಡಕೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖ ಕಸಿಯುತ್ತದೆ. ಗಾಳಿ ಎಷ್ಟು ಒಣಗಿರುತ್ತದೋ ಅಷ್ಟು ತಂಪು. ನಮ್ಮ ಬೇಸಿಗೆಯಲ್ಲಿ 42 ಡಿಗ್ರಿ ಇದ್ದು ತೇವಾಂಶ ಶೇ 20 ಇದ್ದರೆ, ಈ ಬಗೆಯಲ್ಲಿ ತತ್ವಶಃ 24 ಡಿಗ್ರಿಯವರೆಗೂ ಇಳಿಸಬಹುದು. ಮಂಗಳೂರಿನಂಥ ಊರಿನಲ್ಲಿ 34 ಡಿಗ್ರಿ ಮತ್ತು ಶೇ 70 ತೇವಾಂಶ ಇದ್ದರೆ 29ಕ್ಕಿಂತ ಕೆಳಗೆ ಇಳಿಯದು. ನಮ್ಮದು ಎಂಟು ಡಿಗ್ರಿ ಹೆಚ್ಚು ಸುಡುವ ಊರು, ಆದರೂ ನಮ್ಮ ಮಡಕೆಯ ನೀರು ಅವರದ್ದಕ್ಕಿಂತ ತಂಪು. ಹಿಂದುಳಿದ ಪ್ರದೇಶ ಎಂದು ಯಾರಾದರೂ ಅಂದರೆ ಇನ್ನು ಮೇಲೆ ಇದನ್ನೂ ಹೇಳುತ್ತೇನೆ.

ಸೋಸಿದ ಚಹಾವನ್ನು ಸ್ಟೀಲ್ ಪಾತ್ರೆಯಲ್ಲಿ ಮುಚ್ಚಿ, ಸುತ್ತ ಒದ್ದೆ ಬಟ್ಟೆ ಸುತ್ತಿ, ಕಿಟಕಿಯ ಗಾಳಿಗೆ ಅಥವಾ ಕೂಲರ್ ಮುಂದೆ ಇಡಿ. ಬಟ್ಟೆ ಒಣಗಿದಂತೆ ನೀರು ಚಿಮುಕಿಸಿ. ಒಂದು ಗಂಟೆಯ ನಂತರ ಮುಟ್ಟಿ ನೋಡಿದರೆ ಪಾತ್ರೆ ತಣ್ಣಗಾಗಿರುತ್ತದೆ. ಇದಕ್ಕೆ ಮಡಕೆಯ ಶುದ್ಧ ನೀರು 300 ಮಿಲಿ ಸೇರಿಸಿ. ಗಟ್ಟಿ ಚಹಾವನ್ನು ನೇರ ಫ್ರಿಜ್ಜಿಗೆ ತಳ್ಳುವುದು ಬೇಡ, ಆ ‘ಕೆನೆ’ ಕಟ್ಟುವುದು ಆಗಲೇ.

ಒಂದೂವರೆ ನಿಂಬೆಹಣ್ಣಿನ ರಸ ಕೊನೆಗೆ. ರಸ ಬಿದ್ದ ತಕ್ಷಣ ಕಪ್ಪುಗೆಂಪು ಇದ್ದ ಚಹಾ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಲ್ಯಾಬಿನ ಸೂಚಕದ ಹಾಗೆ ಚಹಾದ ಬಣ್ಣವೂ ಆಮ್ಲಕ್ಕೆ ಬದಲಾಗುತ್ತದೆ. ನಿಂಬೆಯ ಸಿಟ್ರಿಕ್ ಆಮ್ಲ ಉಳಿದಿರುವ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೇಲಿನ ಪೊರೆಯೂ ಕಟ್ಟುವುದಿಲ್ಲ. ಪುದೀನ ಇದ್ದರೆ ನಾಲ್ಕು ಎಲೆ, ಇಲ್ಲದಿದ್ದರೆ ತುಳಸಿ. ಗ್ಲಾಸಿಗೆ ಮೂರು ತುಂಡು ಬರ್ಫ್. ಮುಗಿಯಿತು.

ಮನೆಯಲ್ಲಿ ಫ್ರಿಜ್ ಇಲ್ಲದವರು ಬರ್ಫ್ ಇಲ್ಲದೆಯೇ ಕುಡಿಯಿರಿ. ಅದೂ ಚೆನ್ನಾಗಿಯೇ ಇರುತ್ತದೆ. ಆದರೆ ಗೋಣಿಚೀಲದಲ್ಲಿ, ಮರದ ಹೊಟ್ಟಿನಲ್ಲಿ ಸುತ್ತಿ ಬರುವ ದೊಡ್ಡ ಬರ್ಫ್ ಗಡ್ಡೆಯನ್ನು ಒಡೆದು ಚಹಾಕ್ಕೆ ಹಾಕಬೇಡಿ. ಅದರಲ್ಲಿ ಬಹುಪಾಲು ಮೀನು, ಹಾಲಿನ ಕ್ಯಾನು ತಂಪಿಡಲು ಮಾಡಿದ್ದು, ಕುಡಿಯುವ ನೀರಿನದ್ದೇ ಆಗಿರಬೇಕೆಂದಿಲ್ಲ. ತಿನ್ನಲಿಕ್ಕಲ್ಲದ ಮಂಜುಗಡ್ಡೆಗೆ ತಿಳಿನೀಲಿ ಬಣ್ಣ ಸೇರಿಸಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2018ರಲ್ಲೇ ಸೂಚಿಸಿದೆ. ಬಿಳಿಯಾಗಿರುವುದೆಲ್ಲ ಶುದ್ಧ ಎಂದು ನಂಬಿ ಕೂರುವಂತೆಯೂ ಇಲ್ಲ. ಬೇಸಿಗೆ ಬಂತೆಂದರೆ ನಮ್ಮ ತಾಲ್ಲೂಕುಗಳಲ್ಲಿ ವಾಂತಿಭೇದಿಯ ಸುದ್ದಿ ಓದುವುದು ಹೊಸದಲ್ಲವಲ್ಲ.

ಇನ್ನೊಂದು ಆಸೆಯನ್ನೂ ಬಿಡಬೇಕು. ಇಷ್ಟು ಬಿಸಿಲಿದೆ, ಕಾದ ಪರ್ಸಿಯ ಮೇಲೆ ಗಾಜಿನ ಬಾಟಲಿಯಲ್ಲಿ ನೀರು, ಚಹಾ ಪುಡಿ ಹಾಕಿಟ್ಟರೆ ಗ್ಯಾಸ್ ಉಳಿಯುತ್ತದಲ್ಲ ಎಂದು ನನ್ನ ತಮ್ಮ ಲೆಕ್ಕ ಹಾಕಿದ್ದ. ಅಮೆರಿಕದಲ್ಲಿ ‘ಸನ್ ಟೀ’ ಎಂದು ಹೀಗೆ ಮಾಡುವವರಿದ್ದಾರೆ. ಆದರೆ ಬಿಸಿಲಿಗಿಟ್ಟ ನೀರು ಬೆಚ್ಚಗಾಗುತ್ತದೆಯೇ ಹೊರತು ರೋಗಾಣು ಸಾಯುವಷ್ಟು ಕಾಯುವುದಿಲ್ಲ. ಅವುಗಳಿಗೆ ಅದು ತೊಟ್ಟಿಲು ಇದ್ದಂತೆ. ಬೆಂಕಿ ಬೇಡವೆಂದರೆ ಶುದ್ಧ ನೀರಿಗೆ ಪುಡಿ ಹಾಕಿ ಫ್ರಿಜ್ಜಿನಲ್ಲಿ ಎಂಟು ತಾಸು ನೆನೆಸಿಡಿ. ಒಗರು ಕಡಿಮೆ ಇಳಿಯುತ್ತದೆ, ಕದಡುವುದೂ ಇಲ್ಲ. ಸಕ್ಕರೆಯನ್ನು ಮಾತ್ರ ಬೇರೆ ಪಾಕ ಮಾಡಿ ಸೇರಿಸಬೇಕಾಗುತ್ತದೆ. ಹೇಗೇ ಮಾಡಿದರೂ, ಫ್ರಿಜ್ಜಿನ ಹೊರಗಿದ್ದರೆ ಅದೇ ದಿನ ಸಂಜೆಯೊಳಗೆ ಮುಗಿಸಿಬಿಡಿ.

ಒಂದು ಮಾತು ಅವ್ವಂದಿರಿಗೆ, ಅಕ್ಕಂದಿರಿಗೆ. ಚಹಾದ ಒಗರು ಊಟದಲ್ಲಿನ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ನಮ್ಮವ್ವನೂ ಆ ಲೆಕ್ಕದಲ್ಲಿದ್ದಾಳೆ. ಹಾಗಾಗಿ ಬಿಸಿ ಇರಲಿ, ತಂಪಿರಲಿ, ಊಟಕ್ಕೂ ಕಬ್ಬಿಣದ ಮಾತ್ರೆಗೂ ಒಂದು ತಾಸು ಅಂತರ ಇಡುವುದು ಒಳ್ಳೆಯದು. ನಿಂಬೆಹುಳಿ ಒಂದಿಷ್ಟು ಪರಿಹಾರವೇ ಹೊರತು ಪೂರ್ತಿ ಅಲ್ಲ. ಸಣ್ಣ ಮಕ್ಕಳಿಗೆ ಇದು ಬೇಡವೇ ಬೇಡ, ಅವರಿಗೆ ನಿಂಬೆ ಶರಬತ್ತು ಇದೆ, ಬೇಲದ ಪಾನಕ ಇದೆ.

ಅಪ್ಪನ ಲೆಕ್ಕ ಎಲ್ಲಿಗೆ ಬಂತು? ಈಗ ದಿನಾ ಬೆಳಿಗ್ಗೆ ಎರಡು ಗ್ಲಾಸಿನಷ್ಟು ತಂಪು ಚಹಾ ಸ್ಟೀಲ್ ಥರ್ಮಾಸಿನಲ್ಲಿ ಶೆಡ್ಡಿಗೆ ಹೋಗುತ್ತದೆ. ಬಿಸಿ ಚಹಾ ಎಂಟರಿಂದ ನಾಲ್ಕಕ್ಕೆ ಇಳಿದಿದೆ. ನಾಲ್ಕು ಬಿಸಿ ಚಹಾದ 40 ಗ್ರಾಂ, ತಂಪಿನ 15 ಗ್ರಾಂ, ಒಟ್ಟು 55. ಎಂಬತ್ತರಿಂದ ಐವತ್ತೈದು. ಇನ್ನೂ ಐದು ಗ್ರಾಂ ಗೆರೆಯಾಚೆಯೇ ಇದೆ. ಆ ಐದು ಗ್ರಾಂ ಬೆಳಗಿನ ಮೊದಲ ಚಹಾದಲ್ಲಿ ಕೂತಿದೆ, ಅದನ್ನು ಮಾಡುವವಳು ಅವ್ವ. ಅವಳನ್ನು ಒಪ್ಪಿಸುವ ಕೆಲಸ ನಡೆದಿದೆ. ಜುಲೈನಲ್ಲಿ ಮತ್ತೆ ರಕ್ತ ಪರೀಕ್ಷೆ.

ಶೆಡ್ಡಿನಲ್ಲಿ ಅಪ್ಪನ ಜೊತೆಗಾರರು ಮೊದಮೊದಲು ಥರ್ಮಾಸ್ ನೋಡಿ ‘ಏನ್ ಸಾವ್ಕಾರ, ಬೀರ್ ತಂದೀರೇನು’ ಎಂದು ಕಾಡಿಸಿದರಂತೆ. ಹೋದ ವಾರದಿಂದ ಥರ್ಮಾಸ್ ಹನ್ನೊಂದು ಗಂಟೆಗೇ ಖಾಲಿಯಾಗುತ್ತಿದೆ ಎಂದು ಅಪ್ಪ ದೂರಿದರು. ಮೂರು ಲೀಟರಿನ ಕ್ಯಾನ್ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಿದ್ದಾರೆ. ಮೂರು ಲೀಟರಿಗೆ ಎಷ್ಟು ತುಂಡು ಬರ್ಫ್ ಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೇನೆ. ನಮ್ಮ ಟ್ರೇಯಲ್ಲಿ ಇರುವುದು ಹದಿನಾಲ್ಕೇ.